ಏರುವ ದಾರಿಯೇ ಇಳಿಯುವ ದಾರಿ

ಎತ್ತರದ ಸ್ಥಾನವನ್ನು ಏರಿದ ಮಾತ್ರಕ್ಕೆ ಮನುಷ್ಯನು ಎತ್ತರದವನಾಗುವನೆ? ಯಾತ್ರೆಗೆ ಹೋಗಿಬಂದ ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಚೀನಾ ದೇಶದ ಒಂದು ಬೆಟ್ಟದ ದಾರಿಯಲ್ಲಿ ನಿಂತಿರುವ ಶಿಲಾತೋರಣವೊಂದು ಇದೇ ಪ್ರಶ್ನೆಯನ್ನು ನಾಲ್ಕು ಶತಮಾನಗಳಿಂದಲೂ ಮೌನವಾಗಿ ಕೇಳುತ್ತಿದೆ.

ಆ ದೇಶದ ಪೂರ್ವಭಾಗದಲ್ಲಿರುವ ಶಾಂದೋಂಗ್ ಪ್ರಾಂತದಲ್ಲಿ ತೈ ಎಂಬ ಪರ್ವತವಿದೆ. ಅದರ ಎತ್ತರ 1500 ಮೀಟರುಗಳಿಗೂ ಮಿಗಿಲು. ಚೀನೀಯರು ಪವಿತ್ರವೆಂದು ಎಣಿಸುವ ಐದು ಪರ್ವತಗಳಲ್ಲಿ ಅದಕ್ಕೇ ಅಗ್ರಸ್ಥಾನ. ಬುಡದಿಂದ ಶಿಖರದವರೆಗೆ 6000ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳು ಹಬ್ಬಿವೆ. ಈ ಸೋಪಾನಮಾರ್ಗದ ಕೆಳಭಾಗದಲ್ಲಿ, ಕಂಬಗಳ ಮೇಲೆ ಕಲ್ಲಿನ ತೊಲೆಗಳನ್ನಿರಿಸಿ ಕಟ್ಟಿದ ತೋರಣವೊಂದಿದೆ. ಕನ್‌ಫ್ಯೂಷಿಯಸ್ ಮಹಾಶಯನು ಬೆಟ್ಟವನ್ನೇರಿದ ತಾಣವಿದು ಎಂಬ ಅರ್ಥದ ಅಕ್ಷರಗಳನ್ನು ಅದರ ಮೇಲೆ ಕೆತ್ತಿರುವರು. ಮಿಂಗ್ ಅರಸರ ಕಾಲದಲ್ಲಿ, ಕ್ರಿ. ಶ. 1560ರಲ್ಲಿ, ಇದನ್ನು ನಿಲ್ಲಿಸಿದರು. ಇದಕ್ಕೆ ಕದವಿಲ್ಲ, ಅಗುಳಿಯಿಲ್ಲ. ಏರುವವರೂ ಇಳಿಯುವವರೂ ಇದರಡಿಯಲ್ಲಿಯೇ ನಡೆಯುವರು.

ಕನ್‌ಫ್ಯೂಷಿಯಸನು ಬಾಳಿದ್ದು ಕ್ರಿ. ಪೂ. 551ರಿಂದ 479ರವರೆಗೆ. ಅಂದರೆ ಅವನು ಗತಿಸಿ ಎರಡು ಸಾವಿರ ವರ್ಷಗಳು ಕಳೆದ ಮೇಲೆ ಈ ತೋರಣವು ಎದ್ದಿತು. ಪೂರ್ವದ ಗುಡ್ಡವನ್ನೇರಿದಾಗ ಅವನಿಗೆ ತನ್ನ ಲೂ ರಾಜ್ಯವು ಕಿರಿದಾಗಿ ಕಂಡಿತೆಂದೂ, ತೈ ಪರ್ವತವನ್ನೇರಿದಾಗ ಲೋಕವೆಲ್ಲವೂ ಕಿರಿದಾಗಿ ಕಂಡಿತೆಂದೂ ಮೆನ್ಸಿಯಸನ ಗ್ರಂಥವು ಹೇಳುತ್ತದೆ. ಇಲ್ಲಿಯೇ ಜಿಜ್ಞಾಸೆಯು ಹುಟ್ಟುವುದು. ಲೋಕವನ್ನು ಕಿರಿದಾಗಿ ಕಾಣುವುದು ಹಿರಿಯರ ಲಕ್ಷಣವೆ? ಬೆಟ್ಟದ ಮೇಲೆ ನಿಂತ ಯಾರಿಗೇ ಆಗಲಿ, ಕೆಳಗಿನ ಜನರು ಇರುವೆಗಳಂತೆ ಕಾಣಿಸುವುದು ಸಹಜ. ಕಣ್ಣಿಗೆ ಕಂಡುದನ್ನು ಮನಸ್ಸೂ ನಂಬಿಬಿಟ್ಟರೆ ಅದು ಜ್ಞಾನವಲ್ಲ, ಅಹಂಕಾರ. ಆದರೆ ಕಿರಿದಾದುದು ಜನರಲ್ಲ, ನನ್ನ ಊರು, ನನ್ನ ಕುಲ, ನನ್ನ ಪ್ರತಿಷ್ಠೆ ಎಂದು ತಾನು ಕಟ್ಟಿಕೊಂಡ ಗೋಡೆಗಳೇ ಕಿರಿದಾದುವು ಎಂದು ಅರಿತರೆ, ಅದೇ ನೋಟವು ವಿವೇಕವಾಗುವುದು. ನೋಟವೊಂದೇ, ಫಲ ಮಾತ್ರ ಎರಡು ಬಗೆ. ಯಾರು ಯಾವ ಫಲವನ್ನು ಪಡೆದರೆಂಬುದು ಶಿಖರದ ಮೇಲೆ ತಿಳಿಯದು. ಅವರು ಕೆಳಗಿಳಿದು ಬಂದ ಮೇಲೆಯೇ ತಿಳಿಯುವುದು.

ಇದಕ್ಕೆ ಆ ಬೆಟ್ಟವೇ ಸಾಕ್ಷಿ. ಚೀನಾ ದೇಶವನ್ನೆಲ್ಲ ಒಂದುಗೂಡಿಸಿದ ಛಿನ್ ಷಿ ಹುವಾಂಗ್ ಚಕ್ರವರ್ತಿಯು ಕ್ರಿ. ಪೂ. 219ರಲ್ಲಿ ತೈ ಪರ್ವತವನ್ನೇರಿದನು. ತನ್ನ ಆಳ್ವಿಕೆಯನ್ನು ಸ್ವರ್ಗ ಭೂಮಿಗಳಿಗೆ ನಿವೇದಿಸುವ ಮಹಾಪೂಜೆಯನ್ನು ನಡೆಸಿದನು. ತನ್ನ ಹಿರಿಮೆಯನ್ನು ಕಲ್ಲಿನಲ್ಲಿ ಬರೆಸಿದನು. ಹತ್ತು ವರ್ಷಗಳ ತರುವಾಯ ಅವನ ಮಗನೂ ಅದೇ ಶಾಸನಕ್ಕೆ ತನ್ನ ಆಜ್ಞೆಯನ್ನು ಸೇರಿಸಿದನು. ಆದರೆ ಕೆಳಗಿಳಿದ ಮೇಲೆ ಪ್ರಜೆಗಳ ಬೆನ್ನಿನ ಹೊರೆಯು ಹಗುರವಾಗಲಿಲ್ಲ. ಕಠಿನ ದಂಡನೆಗಳೂ ಬಿಟ್ಟಿ ದುಡಿತವೂ ನಿಲ್ಲಲಿಲ್ಲ. ಆ ಸಾಮ್ರಾಜ್ಯವು ಬಾಳಿದುದು ಸುಮಾರು 15 ವರ್ಷ ಮಾತ್ರ. ಆ ಶಾಸನದಲ್ಲಿ ಇಂದು ಉಳಿದಿರುವುದು ಸುಮಾರು 10 ಅಕ್ಷರಗಳು. ಅವನ್ನು ಬೆಟ್ಟದ ಬುಡದ ದೈ ದೇವಾಲಯದಲ್ಲಿ ಕಾಪಾಡಿಟ್ಟಿರುವರು.

ಕನ್‌ಫ್ಯೂಷಿಯಸನಾದರೋ ಬೆಟ್ಟದ ಮೇಲೆ ತನಗಾಗಿ ಕಲ್ಲನ್ನು ನೆಡಿಸಿದವನಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ ತನ್ನ ನಾಡನ್ನು ಬಿಟ್ಟು, ಸುಮಾರು 14 ವರ್ಷಗಳ ಕಾಲ ರಾಜ್ಯದಿಂದ ರಾಜ್ಯಕ್ಕೆ ಅಲೆದನು. ನ್ಯಾಯದಿಂದ ಆಳಿರೆಂದು ಅರಸರಿಗೆ ಹೇಳಿದನು. ಅವನ ಮಾತನ್ನು ನಡೆಸಿಕೊಟ್ಟ ಅರಸನೊಬ್ಬನೂ ಅವನಿಗೆ ದೊರೆಯಲಿಲ್ಲ. ಕೊನೆಗೆ ಊರಿಗೆ ಮರಳಿ ಶಿಷ್ಯರಿಗೆ ಪಾಠ ಹೇಳುತ್ತ ಕಾಲ ಕಳೆದನು. ಕಲಿಯಬಂದವರಲ್ಲಿ ಮೇಲು ಕೀಳೆಂಬ ಭೇದವನ್ನು ಅವನು ಎಣಿಸಲಿಲ್ಲ. ಅವನು ಎಲ್ಲರಿಗಿಂತ ಮಿಗಿಲಾಗಿ ಮೆಚ್ಚಿದ ಯೆನ್ ಹುಯಿ ಎಂಬ ಶಿಷ್ಯನು ಇಕ್ಕಟ್ಟಾದ ಓಣಿಯಲ್ಲಿ ಒಂದು ಹೊತ್ತಿನ ಅನ್ನ, ಒಂದು ಬುರುಡೆ ನೀರಿನಲ್ಲಿ ಸಂತೋಷದಿಂದಿದ್ದ ಬಡವನು. ಬೆಟ್ಟದ ಮೇಲಿನಿಂದ ಲೋಕವನ್ನೇ ಕಿರಿದಾಗಿ ಕಂಡ ಕಣ್ಣುಗಳು ಓಣಿಯ ಬಡವನಲ್ಲಿ ಹಿರಿತನವನ್ನು ಕಂಡುವು. ಏರಿದುದು ಸಾರ್ಥಕವಾಯಿತೆನ್ನಲು ಇದಕ್ಕಿಂತ ಬೇರೆ ಪ್ರಮಾಣವೇಕೆ?

ಹಾಗಾದರೆ ಕಲ್ಲಿನ ತೋರಣದಿಂದ ಪ್ರಯೋಜನವೇ ಇಲ್ಲವೆ ಎಂದು ಕೆಲವರು ಕೇಳಬಹುದು. ಕಲ್ಲು ಶಾಶ್ವತವಲ್ಲವೆಂಬುದು ನಿಜ. ಈ ಬೆಟ್ಟದ ದಕ್ಷಿಣಕ್ಕಿರುವ ಚುಫು ಪಟ್ಟಣದಲ್ಲಿ ಕನ್‌ಫ್ಯೂಷಿಯಸನ ಸಮಾಧಿಯ ಶಿಲೆಯನ್ನೇ 1966ರಲ್ಲಿ ಒಡೆದುಹಾಕಿದರು. ಮುಂದೆ ಅದನ್ನು ಮತ್ತೆ ಜೋಡಿಸಿ ನಿಲ್ಲಿಸಬೇಕಾಯಿತು. ಒಡೆದ ಕಲ್ಲಿನೊಡನೆ ಅವನ ಮಾತು ಒಡೆಯಲಿಲ್ಲ. ಆದರೂ ತೋರಣವು ವ್ಯರ್ಥವಲ್ಲ. ಅದು ದಾರಿಹೋಕನನ್ನು ಒಂದು ಕ್ಷಣ ತಡೆದು ನಿಲ್ಲಿಸುವುದು. ಹಿರಿಯನೊಬ್ಬನ ನಡೆಯನ್ನು ನೆನಪಿಗೆ ತರುವುದು. ಅದರ ಕೆಲಸ ಅಷ್ಟೇ. ನೆನಪನ್ನು ನಡೆಯಾಗಿ ಮಾಡಿಕೊಳ್ಳುವುದು ನಡೆಯುವವನ ಪಾಲಿಗೆ ಬಿಟ್ಟುದು.

1983ರಿಂದೀಚೆಗೆ ಆ ಬೆಟ್ಟದ ಮಧ್ಯಭಾಗದಿಂದ ಶಿಖರದ ಸಮೀಪದವರೆಗೆ ತಂತಿಹಾದಿಯ ವಾಹನವು ಓಡುತ್ತಿದೆ. ಕುಳಿತವರೂ ಈಗ ಮೇಲೆ ತಲುಪಬಲ್ಲರು. ಅದೇ ಬೆಟ್ಟದಲ್ಲಿ ಹೆಗಲ ಮೇಲೆ ಅಡ್ಡೆಯಿರಿಸಿ, ಅದರ ಎರಡು ತುದಿಗಳಿಗೂ ಭಾರವನ್ನು ತೂಗಿಸಿಕೊಂಡು, ಶಿಖರಕ್ಕೆ ಬೇಕಾದ ಸಾಮಗ್ರಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಒಯ್ದು ಬಾಳಿದ ಕೂಲಿಕಾರರ ಪರಂಪರೆಯೂ ಇದೆ. ಅವರು ಎಷ್ಟು ಬಾರಿ ಏರಿದರೆಂದು ಯಾವ ಶಾಸನವೂ ಹೇಳದು. ಪರರಿಗಾಗಿ ಹೊರೆ ಹೊತ್ತು ಏರಿ, ಬರಿಗೈಯಲ್ಲಿ ಇಳಿದು, ಮರುದಿನ ಮತ್ತೆ ಏರುವ ಆ ಕಾಯಕವು ಚಕ್ರವರ್ತಿಯ ಆರೋಹಣಕ್ಕಿಂತ ಕಡಿಮೆಯದೆನ್ನಲು ಯಾರಿಗೆ ಬಾಯಿ ಬಂದೀತು?

ಆದುದರಿಂದ ಎಷ್ಟು ಎತ್ತರ ಏರಿದೆ ಎಂಬುದು ಕೊನೆಯ ಪ್ರಶ್ನೆಯಲ್ಲ. ಹೇಗೆ ಇಳಿದುಬಂದೆ ಎಂಬುದೇ ಪ್ರಶ್ನೆ. ಯಾತ್ರೆ ಮುಗಿಸಿ ಬಂದವನು ಮನೆಯ ಆಳಿನೊಡನೆ ಹಿಂದಿನಂತೆಯೇ ಗದರಿ ಮಾತನಾಡಿದರೆ, ತಕ್ಕಡಿಯನ್ನು ಹಿಂದಿನಂತೆಯೇ ವಾಲಿಸಿ ಹಿಡಿದರೆ, ಬಾಗಿಲಿಗೆ ಬಂದ ಬಡವನನ್ನು ಕಂಡೂ ಕಾಣದಂತೆ ಇದ್ದರೆ, ಅವನ ಕಾಲು ಬೆಟ್ಟವನ್ನೇರಿದೆ, ಅವನು ಏರಿಲ್ಲ. ಆ ಪರೀಕ್ಷೆಗೆ ಚೀನಾ ದೇಶದ ತೋರಣವೇ ಬೇಕೆಂದಿಲ್ಲ. ಪ್ರತಿಯೊಬ್ಬನ ಮನೆಯ ಹೊಸ್ತಿಲಿಗೂ ಎರಡು ಕಂಬಗಳೂ ಒಂದು ತೊಲೆಯೂ ಇದ್ದೇ ಇರುವುವು.