ಮುತ್ತು ಒಡೆದ ಮೇಲೂ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಮದುವೆಮನೆಯಲ್ಲಿ ಬೀಗರ ಎದುರು ಯಾರೋ ನಾಲಿಗೆ ಹರಿಬಿಟ್ಟಾಗ, ಅಣ್ಣತಮ್ಮಂದಿರ ಪಾಲು ಪಂಚಾಯ್ತಿಯಲ್ಲಿ ಒಬ್ಬ ಆಡಬಾರದ್ದನ್ನು ಆಡಿದಾಗ ಹಿರಿಯರು ಇದನ್ನು ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಆದರೂ ಅಂದಿನ ಮಾತಿಗೆ ಒಂದು ಅನುಕೂಲವಿತ್ತು. ಕೇಳಿಸಿಕೊಂಡವರು ಹತ್ತು ಮಂದಿ. ಅವರೂ ನಾಲ್ಕು ದಿನಕ್ಕೆ ಮರೆಯುತ್ತಿದ್ದರು. ಹೈಸ್ಕೂಲು ಮಕ್ಕಳು ಹಾಕುವ ರೀಲ್ಸ್, ಶಾರ್ಟ್ಸ್‌ಗಳಿಗೆ ಆ ಮರೆವಿನ ಭಾಗ್ಯವಿಲ್ಲ. ‘ಡಿಲೀಟ್ ಮಾಡಿದೀನಿ ಬಿಡಮ್ಮ’ ಎನ್ನುವ ಹೊತ್ತಿಗೆ ಯಾರೋ ಸ್ಕ್ರೀನ್ ರೆಕಾರ್ಡ್ ಮಾಡಿ ಕ್ಲಾಸಿನ ಗ್ರೂಪಿಗೆ ಹಾಕಿರುತ್ತಾರೆ.

ಈ ಗಾದೆಯನ್ನು ಉಪದೇಶವಾಗಿ ಹೇಳಿದರೆ ಮಕ್ಕಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ತೋರಿಸಿದರೆ ನೋಡುತ್ತಾರೆ. ತಾರಸಿಯ ಮೇಲೆ ಕುಣಿದ 20 ಸೆಕೆಂಡಿನ ವಿಡಿಯೊ ಒಂದನ್ನು ಮಗಳ ಪಕ್ಕ ಕೂತು ನಿಲ್ಲಿಸಿ ನಿಲ್ಲಿಸಿ ನೋಡಿ. ಯೂನಿಫಾರ್ಮಿನ ಮೇಲೆ ಶಾಲೆಯ ಬ್ಯಾಡ್ಜು. ಬೆನ್ನ ಹಿಂದೆ ಎದುರು ರಸ್ತೆಯ ಪ್ರಾವಿಜನ್ ಸ್ಟೋರಿನ ಬೋರ್ಡು, ಅದರಲ್ಲಿ ಬಡಾವಣೆಯ ಹೆಸರು, ಕ್ರಾಸಿನ ನಂಬರು. ಕೆಳಗೆ ‘ದಿನಾ ಟ್ಯೂಷನ್ ಮುಗಿಸಿ 7ಕ್ಕೆ’ ಎಂಬ ಒಂದು ಸಾಲು. ಕುಣಿದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಹುಡುಗಿಯ ಶಾಲೆ, ಬೀದಿ, ಓಡಾಡುವ ಹೊತ್ತು ಮೂರೂ ಅಪರಿಚಿತನಿಗೆ ಸಿಕ್ಕವು. ‘ಇದನ್ನ ನೋಡಿ ನಮ್ಮ ಮನೆ ಹುಡುಕಬಹುದಾ ಪುಟ್ಟಾ?’ ಎಂದು ಕೇಳಿ. ನಿಮ್ಮ ಕಣ್ಣಿಗೆ ಬೀಳದ್ದನ್ನೂ ಅವಳೇ ಪತ್ತೆ ಹಚ್ಚುತ್ತಾಳೆ.

ಆ್ಯಪ್‌ಗಳವರೂ ಒಂದಿಷ್ಟು ಕಟ್ಟುಪಾಡು ಮಾಡಿದ್ದಾರೆ. ಇನ್‌ಸ್ಟಾಗ್ರಾಮ್ 2024ರಲ್ಲಿ ಪ್ರಕಟಿಸಿ 2025ರಲ್ಲಿ ಭಾರತಕ್ಕೂ ತಂದ ಹದಿಹರೆಯದವರ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. ಗೊತ್ತಿಲ್ಲದವರು ಮೆಸೇಜು ಕಳಿಸುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಷನ್ ಸದ್ದು ಮಾಡುವುದಿಲ್ಲ. 16 ತುಂಬದವರು ಇದನ್ನು ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಆದರೆ ಇದೆಲ್ಲ ಬಹುಮಟ್ಟಿಗೆ ನಿಂತಿರುವುದು ಖಾತೆ ತೆರೆಯುವಾಗ ಕೊಟ್ಟ ಹುಟ್ಟಿದ ವರ್ಷದ ಮೇಲೆ. 13 ತುಂಬಲಿ ಎಂದು ಕಾಯದೆ ಮನೆಯವರೇ ವರ್ಷ ಹಿಂದೆ ತಳ್ಳಿ ಖಾತೆ ಮಾಡಿಕೊಟ್ಟಿದ್ದರೆ ಆ್ಯಪಿನ ಲೆಕ್ಕದಲ್ಲಿ ಮಗು ಬೇಗನೆ ದೊಡ್ಡದಾಗಿಬಿಡುತ್ತದೆ. ‘ಆ್ಯಪನ್ನೇ ಬ್ಯಾನ್ ಮಾಡಿದರಾಯ್ತಲ್ಲ’ ಎನ್ನುವವರು 2020 ಅನ್ನು ನೆನೆಯಲಿ. ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈಯಲ್ಲಿ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಶಾರ್ಟ್ಸ್. ಕುಣಿತ ನಿಲ್ಲಲಿಲ್ಲ.

ನನ್ನ ತಕರಾರಿರುವುದು ಗಾದೆಯೊಳಗಿನ ಕೈಚೆಲ್ಲುವ ಧೋರಣೆಯ ಮೇಲೆ. ವಿಡಿಯೊ ಹಾಕುವ ಮೊದಲು ಇದು ಒಳ್ಳೆಯ ಎಚ್ಚರಿಕೆ. ಹಾಕಿಯಾದ ಮೇಲೆ ಮಗುವಿನ ಮುಂದೆ ಇದನ್ನೇ ಹೇಳುವುದು ಅಪಾಯ. ಬ್ಲ್ಯಾಕ್‌ಮೇಲ್ ಮಾಡುವವನೂ ಇದನ್ನೇ ಹೇಳುವುದು. ಹತ್ತನೇ ಕ್ಲಾಸಿನ ಹುಡುಗನಿಗೆ ಅವನ ವಯಸ್ಸಿನದೇ ಹುಡುಗಿಯ ಫೋಟೊ ಇರುವ ಖಾತೆಯಿಂದ ‘ಹಾಯ್’ ಬರುತ್ತದೆ. ವಿಡಿಯೊ ಚೆನ್ನಾಗಿದೆ ಎಂಬ ಹೊಗಳಿಕೆ, ಬೇರೆ ಆ್ಯಪಿಗೆ ಬಾ ಎಂಬ ಕರೆ, ಒಂದು ಖಾಸಗಿ ಫೋಟೊ. ಫೋಟೊ ಕೈಸೇರಿದ್ದೇ ತಡ, ಹುಡುಗನ ಫಾಲೋವರ್‌ಗಳ ಪಟ್ಟಿ ಅವನಿಗೇ ಬರುತ್ತದೆ: ‘ದುಡ್ಡು ಹಾಕು, ಇಲ್ಲ ಅಂದ್ರೆ ಇವರಿಗೆಲ್ಲ ಕಳಿಸ್ತೀನಿ.’ ಆ ರಾತ್ರಿ ಹುಡುಗನಿಗೆ ಬೆದರಿಸಿದವನಿಗಿಂತ ಅಪ್ಪನ ಭಯವೇ ಹೆಚ್ಚು. ಮಾನ ಹೋಯಿತು, ಇನ್ನೇನೂ ಉಳಿದಿಲ್ಲ ಎಂದುಕೊಂಡವನು ಕದ್ದಾದರೂ ದುಡ್ಡು ಹಾಕುತ್ತಾನೆ. ಒಮ್ಮೆ ಹಾಕಿದವನನ್ನು ಅವರು ಮತ್ತೆ ಕೇಳುತ್ತಾರೆ.

ಉಳಿದಿರುವುದು ಬೇಕಾದಷ್ಟಿದೆ. ಇಂಥ ಖಾಸಗಿ ಚಿತ್ರದ ಬಗ್ಗೆ ದೂರು ಬಂದರೆ 24 ಗಂಟೆಯೊಳಗೆ ತೆಗೆಯಬೇಕೆಂದು 2021ರಲ್ಲೇ ಕೇಂದ್ರದ ಐಟಿ ನಿಯಮಗಳು ಜಾಲತಾಣಗಳಿಗೆ ಗಡುವು ಹಾಕಿದವು. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಶುರುಮಾಡಿದ ‘ಟೇಕ್ ಇಟ್ ಡೌನ್’ ಸೇವೆಯಲ್ಲಿ ಫೋಟೊ ಮಗುವಿನ ಫೋನು ಬಿಟ್ಟು ಹೋಗುವುದೇ ಇಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತಷ್ಟೇ ಹೋಗುತ್ತದೆ. ಸೇವೆಗೆ ಸೇರಿರುವ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಟಿಕ್‌ಟಾಕ್‌ನಂಥವು ಆ ಗುರುತಿನಿಂದ ಚಿತ್ರ ಹುಡುಕಿ ತೆಗೆಯುತ್ತವೆ. ವಾಟ್ಸಾಪ್ ಗ್ರೂಪುಗಳ ಒಳಗೆ ಹರಿದಾಡುವುದಕ್ಕೆ ಮಾತ್ರ ಅದರ ಕೈ ನಿಲುಕದು. ಮಕ್ಕಳ ಇಂಥ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ; ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ದುಡ್ಡು ಹೋಗಿದ್ದರೆ 1930ಕ್ಕೆ ಕೂಡಲೇ ಫೋನ್ ಮಾಡಬೇಕು. ಗಾಬರಿಯಲ್ಲಿ ಚಾಟ್ ಅಳಿಸಬಾರದು, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಬೇಕು.

ಇಷ್ಟೆಲ್ಲ ನಡೆಯಬೇಕಾದರೆ ಮಗ ಬಂದು ‘ಅಪ್ಪಾ, ಒಂದು ಎಡವಟ್ಟಾಗಿದೆ’ ಎನ್ನಬೇಕು. ಫೋನ್ ಕಿತ್ತುಕೊಳ್ಳುತ್ತಾರೆ ಎಂದು ಗೊತ್ತಿರುವ ಮಗ ಬಾಯಿ ಬಿಡುವುದಿಲ್ಲ. ಹಾಗಾಗಿ ಏನೂ ಆಗಿರದ ದಿನವೇ, ಊಟಕ್ಕೆ ಕೂತಾಗ, ‘ಏನೇ ಆದ್ರೂ ನಮ್ಮ ಹತ್ರ ಹೇಳು, ಬೈಯಲ್ಲ, ಫೋನೂ ತಗೊಳ್ಳಲ್ಲ’ ಎಂದು ಹೇಳಿಡಿ. ಹೇಳಿದ ಹಾಗೆ ನಡೆದುಕೊಳ್ಳಿ. ನಿಮಗೆ ಹೇಳಲಾರದ ಸಂಗತಿಯೂ ಇರಬಹುದು. ಅದಕ್ಕೆ ಮಕ್ಕಳ ಸಹಾಯವಾಣಿ 1098 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿ. ಅದು ದಿನದ 24 ಗಂಟೆಯೂ ಇದೆ, ಕರೆಗೆ ದುಡ್ಡಿಲ್ಲ.