ಲೆಕ್ಕ ಬಲ್ಲವರ ಹೊಣೆ

ಹಣಕಾಸಿನ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆಯುವವರು ಸಾಮಾನ್ಯವಾಗಿ ಎರಡು ವರ್ಷ ಓದುತ್ತಾರೆ. ನಡುವಣ ಬೇಸಗೆಯಲ್ಲಿ ಒಂದೆರಡು ತಿಂಗಳು ಯಾವುದಾದರೂ ಬ್ಯಾಂಕಿನಲ್ಲೋ ಹೂಡಿಕೆ ಸಂಸ್ಥೆಯಲ್ಲೋ ಉಮೇದುವಾರಿ ಮಾಡುತ್ತಾರೆ. ಇಂದಿನ ಮಾತಿನಲ್ಲಿ ಅದು ಇಂಟರ್ನ್‌ಶಿಪ್. ಓದಿದ್ದನ್ನು ಮಾಡಿ ಕಲಿಯಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಅಲ್ಲಿ ಕಲಿಯಬೇಕಾದುದು ಕೈಚಳಕವೊಂದೇ ಏನು?

ಈ ವಿದ್ಯೆಯ ತಿರುಳು ಅಪಾಯದ ಲೆಕ್ಕ. ಹಣವನ್ನು ಹಲವೆಡೆ ಹಂಚಿ ಹೂಡುವುದರಿಂದ ನಷ್ಟದ ಭಯ ಹೇಗೆ ತಗ್ಗುತ್ತದೆಂದು ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಗಣಿತದ ಮೂಲಕ ತೋರಿಸಿದರು. 1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಆಪ್ಷನ್ ಒಪ್ಪಂದಗಳಿಗೆ ಬೆಲೆ ಕಟ್ಟುವ ಸೂತ್ರ ಕೊಟ್ಟರು. ಅಪಾಯ ಎಷ್ಟು ಎಂಬುದಕ್ಕೆ ಇಂಥ ಸೂತ್ರಗಳು ಉತ್ತರ ಹೇಳುತ್ತವೆ. ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಅವು ಕೇಳುವುದಿಲ್ಲ.

ಅಮೆರಿಕದಲ್ಲಿ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಹೂಡಿಕೆ ಸಂಸ್ಥೆಯಿತ್ತು. 1997ರ ನೊಬೆಲ್ ಪಾರಿತೋಷಕ ಪಡೆದ ಮರ್ಟನ್ ಮತ್ತು ಶೋಲ್ಸ್ ಇಬ್ಬರೂ ಅದರ ಪಾಲುದಾರರು. 1998ರ ಆಗಸ್ಟಿನಲ್ಲಿ ರಷ್ಯ ಸಾಲ ತೀರಿಸಲಾರೆನೆಂದಾಗ ಮಾರುಕಟ್ಟೆ ಸೂತ್ರ ಮೀರಿ ನಡೆಯಿತು. ಕೆಲವೇ ತಿಂಗಳಲ್ಲಿ 400 ಕೋಟಿ ಡಾಲರಿಗೂ ಮಿಕ್ಕಿ ಹಣ ಕರಗಿತು. ಪಾಲುದಾರರೂ ಕಳೆದುಕೊಂಡರು, ನಿಜ. ಆದರೆ ಸಾಲ ಕೊಟ್ಟವರೂ ಮುಳುಗುವ ಭಯವಿದ್ದುದರಿಂದ 14 ಸಂಸ್ಥೆಗಳು ಕೂಡಿ ಸುಮಾರು 360 ಕೋಟಿ ಡಾಲರು ಸುರಿಯಬೇಕಾಯಿತು. ಅಲ್ಲಿ ಜಾಣ್ಮೆಗೆ ಕೊರತೆಯಿರಲಿಲ್ಲ.

ನಮ್ಮ ಕರಾವಳಿಯ ಒಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಏಜೆಂಟರು ಮನೆಬಾಗಿಲಿಗೆ ಹೋಗಿ ಪಡೆಯುತ್ತಿದ್ದರು. ಹಣ ಕೊಟ್ಟವರ ಮುಖವನ್ನು ಮರುದಿನವೂ ನೋಡಬೇಕಾದವನಿಗೆ ಅದು ಯಾರ ಹಣವೆಂಬುದನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ. ಗಣಕಯಂತ್ರದ ಮುಂದೆ ಕುಳಿತ ಉಮೇದುವಾರನಿಗೆ ಕಾಣುವುದು ಬರೀ ಅಂಕಿ.

ಲೆಕ್ಕಕ್ಕೆ ಕನಿಕರ ಬೆರೆಸಿದರೆ ಲೆಕ್ಕವೇ ಕೆಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಶಸ್ತ್ರಕ್ರಿಯೆ ಮಾಡುವ ವೈದ್ಯನ ಕೈ ನಡುಗಬಾರದು. ಆದರೆ ಅಪಾಯವೇನೆಂದು ರೋಗಿಗೆ ಮುಂಚೆಯೇ ತಿಳಿಸುವುದೂ ಅದೇ ವೈದ್ಯನ ಧರ್ಮ. ಎಣಿಸುವಾಗ ನಿರ್ಲಿಪ್ತತೆ ಸಲ್ಲುತ್ತದೆ, ತಿಳಿಸುವಾಗ ಸಲ್ಲದು.

ಕಷ್ಟವಿರುವುದು ಇಲ್ಲಿಯೇ. ಎಷ್ಟೋ ವೇಳೆ ಉಮೇದುವಾರಿಯೇ ನೌಕರಿಗೆ ಹೆಬ್ಬಾಗಿಲು. ಮೇಲಧಿಕಾರಿಯ ವರದಿಯಲ್ಲಿ ಅಪಾಯವನ್ನು ಸಣ್ಣಕ್ಷರದಲ್ಲಿ ಅಡಗಿಸಿದ್ದರೆ, ಇಪ್ಪತ್ತೆರಡರ ಹರೆಯದ ಹುಡುಗಿ ಅದನ್ನು ಎತ್ತಿ ಆಡುವುದು ಹೇಗೆ? ಆ ಧೈರ್ಯದ ಭಾರವನ್ನೆಲ್ಲ ಅವಳೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಕಲಿಸುವವರೇ ದಾರಿ ಮಾಡಿಕೊಡಬೇಕು. ಕೆಲವು ದಿನ ಶಾಖೆಯ ಕೌಂಟರಿನಲ್ಲಿ ಠೇವಣಿದಾರರ ಎದುರು ಕೂರಿಸಲಿ. ಪ್ರತಿ ವರದಿಯ ಕೊನೆಗೆ, ಈ ಎಣಿಕೆ ತಪ್ಪಿದರೆ ನಷ್ಟ ಯಾರದು ಎಂದು ಬರೆಯುವುದನ್ನು ಕಡ್ಡಾಯ ಮಾಡಲಿ. ಮಕ್ಕಳನ್ನು ಈ ಓದಿಗೆ ಕಳುಹಿಸುವ ನಾವೂ, ಸಂಬಳವೆಷ್ಟೆಂದು ಕೇಳುವ ಮೊದಲು, ಯಾರ ಹಣ ನೋಡಿಕೊಳ್ಳುತ್ತೀ ಮಗು ಎಂದು ಕೇಳೋಣ.