ಟಾಕಿ, ಟ್ಯಾಂಕು, ಬಾವಡಿ

ನಳದ ನೀರು ಬಿಡುವ ದಿನ ವಿಜಯಪುರದ ಓಣಿಗಳಲ್ಲಿ ಹಿರಿಯರು ಕೇಳುವುದು 'ಟಾಕಿ ತುಂಬ್ತೇನು?' ಎಂದು. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಕ್ಕಳು 'ಟಾಕಿ ಅಲ್ಲ ಆಯಿ, ಟ್ಯಾಂಕ್' ಎಂದು ತಿದ್ದುತ್ತಾರೆ. ತಿದ್ದಿಸಿಕೊಂಡವರು ತಮ್ಮ ನಾಲಿಗೆಯೇ ಸರಿಯಿಲ್ಲ ಎಂಬಂತೆ ಸುಮ್ಮನಾಗುತ್ತಾರೆ. ನ್ಯಾಯವಾಗಿ ನೋಡಿದರೆ ಇಲ್ಲಿ ತಿದ್ದುವ ಹಕ್ಕು ಆಯಿಯದು. ಟಾಕಿ ಎಂಬುದು ಟ್ಯಾಂಕಿನ ಕೆಟ್ಟ ಉಚ್ಚಾರವಲ್ಲ, ಅದು ಟ್ಯಾಂಕಿಗಿಂತ ಹಿರಿಯ ಮನೆತನದ ಮಾತು.

ಮರಾಠಿಯಲ್ಲಿ ಟಾಕೆ, ಗುಜರಾತಿಯಲ್ಲಿ ಟಾಂಕು, ರಾಜಸ್ಥಾನದಲ್ಲಿ ಟಾಂಕಾ. ಸಹ್ಯಾದ್ರಿಯ ಕೋಟೆಗಳ ಮೇಲೆ ಬಂಡೆ ಕೊರೆದು ಮಳೆನೀರು ಹಿಡಿದಿಟ್ಟ ತೊಟ್ಟಿಗಳು ಇಂದಿಗೂ ಟಾಕೆಗಳೇ. ಮರುಭೂಮಿಯ ಮನೆಯಂಗಳದಲ್ಲಿ ನೆಲದಡಿ ಕಟ್ಟಿದ ನೀರಿನ ಕೋಣೆ ಟಾಂಕಾ. 17ನೇ ಶತಮಾನದ ಆರಂಭದಲ್ಲಿ ಪಶ್ಚಿಮ ಕರಾವಳಿಗೆ ವ್ಯಾಪಾರಕ್ಕೆ ಬಂದ ಇಂಗ್ಲಿಷರು ಈ ಹೆಸರನ್ನು ಕೇಳಿ ತಮ್ಮ ಬರಹದಲ್ಲಿ ಇಟ್ಟುಕೊಂಡರು. ಅವರಿಗಿಂತ ಮೊದಲೇ ಇಲ್ಲಿದ್ದ ಪೋರ್ಚುಗೀಸರ ಮಾತಿನಲ್ಲೂ ಇದನ್ನೇ ಹೋಲುವ ಒಂದು ಪದವಿತ್ತು. ಹರಿಯುವುದನ್ನು ತಡೆದು ನಿಲ್ಲಿಸುವುದು ಎಂಬ ಕ್ರಿಯೆಯಿಂದ ಬಂದ ಆ ಪದದ ಅರ್ಥವೂ ನೀರಿನ ಕೊಳವೇ. ವಿಜಯಪುರದ ಆದಿಲಶಾಹಿಗಳ ಕೈಯಲ್ಲಿದ್ದ ಗೋವೆಯನ್ನು 1510ರಲ್ಲಿ ಕಿತ್ತುಕೊಂಡವರು ಇವರೇ ಆದ್ದರಿಂದ ಈ ಊರಿಗೆ ಪೋರ್ಚುಗೀಸರು ದೂರದವರೇನಲ್ಲ. 1886ರಲ್ಲಿ ಹೊರಬಂದ ಯೂಲ್ ಮತ್ತು ಬರ್ನೆಲ್ ಅವರ ಹಾಬ್ಸನ್-ಜಾಬ್ಸನ್ ಕೋಶ ಎರಡೂ ಮೂಲಗಳನ್ನು ಎದುರುಬದುರು ಇಟ್ಟು ಚರ್ಚಿಸುತ್ತದೆ. ನನಗಂತೂ ಇದರಲ್ಲಿ ಜಗಳ ಕಾಣುವುದಿಲ್ಲ. ಎರಡು ದಿಕ್ಕಿನಿಂದ ಬಂದ ಎರಡು ಮಾತುಗಳು ಈ ಕರಾವಳಿಯಲ್ಲಿ ಸಂಧಿಸಿದವು, ಎರಡರ ಹೊಟ್ಟೆಯಲ್ಲೂ ನೀರೇ ಇದ್ದುದರಿಂದ ಬೇರೆ ಮಾಡಿ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ಈ ಪದ ಇಂಗ್ಲಿಷಿನೊಳಗೆ ಕಾಲಿಡುತ್ತಿದ್ದ ದಿನಗಳಲ್ಲೇ, 1620ರಲ್ಲಿ, ಇಮ್ಮಡಿ ಇಬ್ರಾಹಿಂ ಆದಿಲಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ವಾಸ್ತುಶಿಲ್ಪಿ ಮಲಿಕ್ ಸಂದಲ್ ವಿಜಯಪುರದಲ್ಲಿ ತಾಜ್ ಬಾವಡಿ ಎಂಬ ಮೆಟ್ಟಿಲುಬಾವಿ ಕಟ್ಟಿಸುತ್ತಿದ್ದ.

ಮುಂದೆ ಪದಕ್ಕೆ ಒದಗಿದ ಗತಿ ಮಾತ್ರ ಯಾರೂ ಊಹಿಸದ್ದು. ಮೊದಲ ಮಹಾಯುದ್ಧದಲ್ಲಿ ಕಂದಕ, ಮುಳ್ಳುತಂತಿ ದಾಟಿ ಹೋಗುವ ಉಕ್ಕಿನ ಬಂಡಿಯೊಂದನ್ನು ಬ್ರಿಟಿಷರು 1915ರಲ್ಲಿ ಗುಟ್ಟಾಗಿ ತಯಾರಿಸತೊಡಗಿದರು. ಲಿಂಕನ್ ಪಟ್ಟಣದ ಕಾರ್ಖಾನೆಯ ಕೆಲಸಗಾರರಿಗೂ ಅದರ ಉದ್ದೇಶ ತಿಳಿಯಬಾರದಿತ್ತು. ಮೆಸೊಪೊಟೇಮಿಯಾದ ಮರಳುಗಾಡಿನಲ್ಲಿರುವ ಸೈನಿಕರಿಗೆ ನೀರು ಒಯ್ಯುವ ತೊಟ್ಟಿ ಎಂದು ಸುದ್ದಿ ಹಬ್ಬಿಸಿದರು. ದೊಡ್ಡ ಕಬ್ಬಿಣದ ಪೆಟ್ಟಿಗೆಯಂತಿದ್ದ ಅದನ್ನು ನೋಡಿದವರು ನಂಬಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಸುಮಾರು 28 ಟನ್ ತೂಕದ ಆ ಬಂಡಿಗಳು ಮೊದಲ ಬಾರಿ ಮುನ್ನುಗ್ಗಿದವು. ಗುಟ್ಟು ಅಂದೇ ಬಯಲಾಯಿತು, ಹೆಸರು ಮಾತ್ರ ಉಳಿದುಬಿಟ್ಟಿತು. ಬರದ ನಾಡುಗಳು ಹನಿ ನೀರು ಉಳಿಸಲು ಇಟ್ಟುಕೊಂಡ ಮಾತು ಜನರನ್ನು ತುಳಿದು ಸಾಗುವ ಯಂತ್ರದ ಹೆಸರಾದದ್ದು ಹೀಗೆ. ಇಂದು ಲೋಕದ ಬಹುಪಾಲು ಮಕ್ಕಳು ಟ್ಯಾಂಕ್ ಎಂದರೆ ಮೊದಲು ನೆನೆಯುವುದು ಫಿರಂಗಿಯ ಮೂತಿಯನ್ನೇ.

ನಮ್ಮ ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದವರು ಅದನ್ನು ಬೇರೆ ಹೆಸರಿನಲ್ಲಿ ಅಡಗಿಸಲಿಲ್ಲ. ರಣರಂಗದ ಒಡೆಯ ಎಂದೇ ಕರೆದರು, ಬಾಯಿಗೆ ಸಿಂಹದ ಮುಖ ಕೊಟ್ಟರು. ತೋಪಿಗೆ ಕಿಚ್ಚಿಡುವವನು ಸಿಡಿತದ ಸದ್ದಿನಿಂದ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಬುರುಜಿನ ಮೇಲೆ ನಿಂತು ಗೈಡುಗಳು ಹೇಳುತ್ತಾರೆ. ಅಲ್ಲಿ ತೊಟ್ಟಿ ತೊಟ್ಟಿಯಾಗಿಯೇ ಇತ್ತು, ತೋಪು ತೋಪಾಗಿಯೇ ಇತ್ತು.

ಟ್ಯಾಂಕಿನಿಂದ ಟ್ಯಾಂಕರ್ ಹುಟ್ಟಿತು. ಈ ಪದದ ಅರ್ಥವನ್ನು ಕೋಶ ತೆರೆಯದೆ ಹೇಳಬಲ್ಲವರು ಬೇಕಾದರೆ ತಿಕೋಟಾದ ದ್ರಾಕ್ಷಿ ಬೆಳೆಗಾರರನ್ನು ಕೇಳಬೇಕು. ಬೋರು ಬತ್ತಿದ ಬೇಸಿಗೆಗಳಲ್ಲಿ ದ್ರಾಕ್ಷಿ ಪಡ ಒಣಗದಿರಲೆಂದು ಹಣ ಕೊಟ್ಟು ನೀರು ತರಿಸಿ, ಹನಿ ಕೊಳವೆಯಲ್ಲಿ ಬೇರಿಗೆ ಉಣಿಸಿ ಬಳ್ಳಿ ಉಳಿಸಿಕೊಂಡವರು ಅವರು. ಸಾಲದ ಲೆಕ್ಕದಲ್ಲಿ ಗೊಬ್ಬರ, ಔಷಧಗಳ ಜೊತೆ ಟ್ಯಾಂಕರಿಗೂ ಒಂದು ಸಾಲು ಇರುತ್ತಿತ್ತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಏರಿ ಬಂದ ಮೇಲೆ ಆ ಸಂಕಟ ಎಷ್ಟೋ ಇಳಿದಿದೆ. ಇಂಥ ಯೋಜನೆಗಳ ಬಗ್ಗೆ ಮಾತಾಡುವಾಗ ನಮ್ಮ ಜನ ಟ್ಯಾಂಕ್ ಎನ್ನುವುದಿಲ್ಲ, 'ಕೆರಿ ತುಂಬಸ್ತಾರ' ಎನ್ನುತ್ತಾರೆ. ನಾನು ಹೇಳಹೊರಟದ್ದು ಈ ವ್ಯತ್ಯಾಸವನ್ನೇ.

ಇಂಗ್ಲಿಷ್ ಆಡಳಿತಕ್ಕೆ ಒಂದೇ ಪದ ಸಾಕಿತ್ತು. ಏರಿ ಕಟ್ಟಿದ ಕೆರೆ, ನೆಲ ಅಗೆದ ಹೊಂಡ, ಗುಡಿಯ ಮುಂದಿನ ಪುಷ್ಕರಣಿ, ಎಲ್ಲವೂ ಕಾಗದದ ಮೇಲೆ ಟ್ಯಾಂಕ್. ಬೆಂಗಳೂರಿನ ಸ್ಯಾಂಕಿ ಕೆರೆ ಇಂದಿಗೂ ಸ್ಯಾಂಕಿ ಟ್ಯಾಂಕ್. ಸ್ವಾತಂತ್ರ್ಯ ಬಂದ ಮೇಲೂ ಟೆಂಡರು, ಅಂದಾಜು ಪಟ್ಟಿ, ವರದಿಗಳಲ್ಲಿ ಆ ಪದವೇ ಮುಂದುವರಿಯಿತು. ಆದರೆ ಗೋಳಗುಮ್ಮಟದ ಸುತ್ತಲಿನ ಈ ನೆಲದಲ್ಲಿ ನೀರಿನ ಕೆಲಸ ಒಂದೇ ಬಗೆಯದಲ್ಲ, ಒಂದಕ್ಕೆ ಮಾಡುವ ಆರೈಕೆ ಇನ್ನೊಂದಕ್ಕೆ ಸಲ್ಲುವುದೂ ಇಲ್ಲ.

ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲಶಾಹ 1633ರಲ್ಲಿ ಕಟ್ಟಿಸಿದ್ದು ಕೆರೆ. ಅದಕ್ಕೆ ಏರಿ ಇದೆ, ತೂಬು ಇದೆ, ಕೋಡಿ ಇದೆ, ಕೆಳಗೆ ಹೊಲಗಳಿವೆ. ಮಳೆ ಬರದಿದ್ದರೆ ಪೈಪಿನಲ್ಲಿ ನದಿಯ ನೀರು ತಂದು ತುಂಬಬಹುದು. ತಾಜ್ ಬಾವಡಿ, 1579ರ ಚಾಂದ್ ಬಾವಡಿ ಹಾಗಲ್ಲ. ಅವು ಸೆಲೆಯಿಂದ ಬದುಕುವ ಬಾವಿಗಳು. ಮೆಟ್ಟಿಲು ಇಳಿದು ನೀರು ಮುಟ್ಟಬೇಕು, ಸುತ್ತಲಿನ ನೆಲ ಮಳೆ ಕುಡಿದರೆ ಮಾತ್ರ ತಳದಲ್ಲಿ ನೀರು ಜಿನುಗುತ್ತದೆ. ಕೆಲವು ವರ್ಷಗಳ ಹಿಂದೆ ಬಾವಡಿಗಳ ಹೂಳು ತೆಗೆಸಿದ್ದು ಒಳ್ಳೆಯ ಕೆಲಸ. ಹೂಳು ತೆಗೆದು ಸುತ್ತಲಿನ ನೆಲಕ್ಕೆಲ್ಲ ಕಾಂಕ್ರೀಟು ಹಾಸಿದರೆ ಅದೇ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇನ್ನು ಜಾಮಿಯಾ ಮಸೀದಿಯ ಅಂಗಳದಲ್ಲಿರುವುದು, ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಇರುವುದು 'ಹೌದು' ಎಂಬ ನೀರಿನ ತೊಟ್ಟಿ. ಅದಕ್ಕೆ ತನ್ನದೇ ಸೆಲೆಯಿಲ್ಲ, ಬೇರೆಡೆಯಿಂದ ನೀರು ಬರಬೇಕು.

ಆ ನೀರು ಬರುತ್ತಿದ್ದ ದಾರಿಯೇ ಈ ಊರಿನ ದೊಡ್ಡ ವಿದ್ಯೆ. ಮುಹಮ್ಮದ್ ಆದಿಲಶಾಹ 1651ರಲ್ಲಿ ಜಹಾನ್ ಬೇಗಂ ನೆನಪಿಗೆ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಸುಟ್ಟ ಮಣ್ಣಿನ ಕೊಳವೆಗಳನ್ನು ಗಚ್ಚು, ಕಲ್ಲಿನ ಕವಚದಲ್ಲಿ ಹುದುಗಿಸಿ, ಇಳಿಜಾರನ್ನೇ ನಂಬಿ ನೀರನ್ನು ಊರೊಳಗೆ ತಂದರು. ದೂರದಿಂದ ಹರಿದು ಬರುವ ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದು, ಒಳಗೆ ಸಿಕ್ಕ ಗಾಳಿ ಹೊರಹೋಗಬೇಕು, ಕೆಸರು ತಳದಲ್ಲಿ ನಿಲ್ಲಬೇಕು. ಇದಕ್ಕೆಲ್ಲ ದಾರಿಯುದ್ದಕ್ಕೂ ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ಅವೇ ಗಂಜ್‌ಗಳು. ಊರ ನಡುವೆ ಇಂದಿಗೂ ನಿಂತಿರುವ ಈ ಗೋಪುರಗಳನ್ನು ಕಾವಲು ಬುರುಜುಗಳೆಂದು ಭಾವಿಸಿ ಮುಂದೆ ಹೋಗುವ ಪ್ರವಾಸಿಗರು ಎಷ್ಟೋ ಮಂದಿ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಬೆರಗಾಗುವವರು ಈ ಗೋಪುರದ ಮುಂದೆಯೂ ಒಂದು ಗಳಿಗೆ ನಿಲ್ಲಬೇಕೆಂದು ನನಗೆ ಬಹಳ ಆಸೆ. ಗುಮ್ಮಟ ಒಬ್ಬ ಅರಸನ ಸಮಾಧಿಯಾದರೆ ಗಂಜ್ ಇಡೀ ಊರಿನ ಬಾಯಾರಿಕೆಗೆ ಕಟ್ಟಿದ್ದು.

ಪಶ್ಚಿಮದ ತೊರವಿಯಲ್ಲಿ ಇನ್ನೊಂದು ಬಗೆ ಇದೆ. ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟು, ಅಂತರ್ಜಲವನ್ನು ಊರ ಕಡೆ ಹರಿಸುವ ಪರ್ಷಿಯಾ ಮೂಲದ ಕರೇಜ್ ಪದ್ಧತಿ. ಬೀದರಿನಲ್ಲೂ ಇದು ಇದೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ತನ್ನ ಗಮನಪಟ್ಟಿಗೆ ದಖನ್ನಿನ ಪುರಾತನ ಜಲವ್ಯವಸ್ಥೆಗಳನ್ನು ಸೇರಿಸಿದಾಗ ತೊರವಿಯ ಸುರಂಗ ಬಾವಡಿಯ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ಇದನ್ನು ಟ್ಯಾಂಕ್ ಎಂದು ಬರೆದುಕೊಂಡವನು ಹುಡುಕುವುದು ನಿಂತ ನೀರನ್ನು. ನೀರು ಕಾಣದಿದ್ದರೆ ಅವನ ಪಾಲಿಗೆ ಅದು ಪಾಳು. ಕರೇಜಿನಲ್ಲಿ ನಿಂತ ನೀರಿಲ್ಲ, ನೆಲದ ಕೆಳಗೆ ಸಾಗುವ ದಾರಿಯಿದೆ. ಮೇಲಿನ ಒಂದು ಕಂಡಿಗೆ ಕಸ, ಮಣ್ಣು ಬಿದ್ದರೆ ಆ ದಾರಿಯೇ ಕಟ್ಟಿಕೊಳ್ಳುತ್ತದೆ.

ಈ ಕಂಡಿಗಳು ಹೊಲಗಳ ನಡುವೆಯೂ ಇವೆ. ಊರು ಬೆಳೆದಂತೆ ಹೊಲ ನಿವೇಶನವಾಗುತ್ತದೆ, ಕೊಂಡವನಿಗೆ ತನ್ನ ಜಾಗದಲ್ಲಿ ಕಾಣುವುದು ಒಂದು ಹಾಳುಬಾವಿ. ತುಂಬಿಸಿ ಸಮ ಮಾಡಿಸುತ್ತಾನೆ, ಅವನದು ತಪ್ಪೆನ್ನಲೂ ಆಗದು. ಕಂದಾಯ ಇಲಾಖೆ ಮನಸ್ಸು ಮಾಡಿದರೆ ಅಂಥ ಪ್ರತಿಯೊಂದು ಹೊಲದ ಪಹಣಿಯಲ್ಲಿ 'ಕರೇಜ್ ಕಂಡಿ' ಎಂದು ಹೆಸರು ಹಿಡಿದು ನಮೂದಿಸಬಹುದು. ಹಾಗೆ ಬರೆದಿದ್ದರೆ ಕೊಳ್ಳುವವನಿಗೆ ಕಾಗದ ನೋಡುವಾಗಲೇ ಗೊತ್ತಾಗುತ್ತದೆ, ಅದನ್ನು ಬಿಟ್ಟು ಅಡಿಪಾಯ ತೋಡುತ್ತಾನೆ.